ಪಾಪ್ ಹಾಡಿಗೆ ಕೈ ಹಾಕಿದಾಗ ರ‍್ಯಾಪಿನ ಮೊನಚು ಉಳಿಸಿಕೊಳ್ಳುವುದು ಹೇಗೆ

ಅಂಡರ್‌ಗ್ರೌಂಡಿನಲ್ಲಿ ಹೆಸರು ಮಾಡಿದ ರ‍್ಯಾಪರ್ ಮೊದಲ ಪಾಪ್ ಸಿಂಗಲ್ ಬಿಟ್ಟ ಕೂಡಲೇ ಹಳೆಯ ಕೇಳುಗರಿಂದ ಬರುವ ಮಾತು ಒಂದೇ: ‘ಮುಂಚಿನ ಖದರ್ ಇಲ್ಲ.’ ದೂರು ಬಹಳ ಸಲ ನಿಜ, ಆದರೆ ಅವರು ಕೊಡುವ ಕಾರಣ ತಪ್ಪು. ರಾಗ ಬಂತು, ಹಾಡುವ ಹುಕ್ (ಮತ್ತೆ ಮತ್ತೆ ಬರುವ ಪಲ್ಲವಿ) ಬಂತು, ಅದಕ್ಕೇ ಕೆಟ್ಟಿತು ಎನ್ನುತ್ತಾರೆ. ಅಮೆರಿಕದ ಹಿಪ್-ಹಾಪ್ ತಂಡ ಫ್ಯೂಜೀಸ್ 1996ರಲ್ಲಿ ತಂದ ‘ದಿ ಸ್ಕೋರ್’ ಆಲ್ಬಂ ತುಂಬ ರಾಗವಿತ್ತು, ಹಳೆಯ ಜನಪ್ರಿಯ ಹಾಡುಗಳ ಮರುಹಾಡಿಕೆಯೂ ಇತ್ತು. ಆದರೂ ಅದರ ವರ್ಸ್‌ಗಳು (ರ‍್ಯಾಪ್ ಹೇಳುವ ಚರಣಗಳು) ಮೊಂಡಾಗಲಿಲ್ಲ.

ಕೆಡುವುದು ಬೇರೆ ಕಡೆ. ಬರೆಯುವಾಗ ಕಣ್ಣ ಮುಂದೆ ಇದ್ದ ಮನುಷ್ಯ ಬದಲಾಗುತ್ತಾನೆ. ಮೊದಲು ಸೈಫರಿನಲ್ಲಿ (ರ‍್ಯಾಪರ್‌ಗಳು ಸುತ್ತ ನಿಂತು ಸರದಿಯಂತೆ ಹೇಳುವ ಕೂಟದಲ್ಲಿ) ಎದುರಿಗೆ ನಿಂತವನು ಒಂದು ಸಡಿಲ ಸಾಲಿಗೂ ಮುಖ ಸಿಂಡರಿಸುತ್ತಿದ್ದ. ಈಗ ಆ ಜಾಗದಲ್ಲಿ ‘ಎಲ್ಲರೂ’ ಕೂತಿದ್ದಾರೆ. ಎಲ್ಲರಿಗೂ ಅರ್ಥವಾಗಲಿ ಎಂದು ಹೆಸರು, ವಸ್ತು, ಜಾಗ ಒಂದೊಂದಾಗಿ ಸಾಲಿನಿಂದ ಜಾರುತ್ತವೆ. ಒಂದೇ ಹಾಡಿನಲ್ಲಿ ಇದು ಕಾಣುವುದಿಲ್ಲ, ಮೂರನೆಯ ಹಾಡಿನ ಹೊತ್ತಿಗೆ ವರ್ಸ್ ಯಾರು ಬರೆದಿದ್ದರೂ ಆಗುತ್ತಿತ್ತು ಎನ್ನಿಸತೊಡಗುತ್ತದೆ. ಇದನ್ನು ತಡೆಯಲು ಶುರುವಿನಲ್ಲೇ ಅಳತೆ ಇಟ್ಟುಕೊಳ್ಳಬೇಕು.

ಮೊದಲು ಹಳೆಯ ಹಾಡುಗಳ ಲೆಕ್ಕ ತೆಗೆಯಿರಿ

ನಿಮ್ಮ ಕೇಳುಗರು ಬಾಯಿಪಾಠ ಹೇಳುವ ಹತ್ತು ಹಾಡುಗಳನ್ನು ಆರಿಸಿ, ಸಾಹಿತ್ಯವನ್ನು ಕಾಗದದ ಮೇಲೆ ಪ್ರಿಂಟ್ ತೆಗೆಯಿರಿ. ಮೊಬೈಲ್ ಪರದೆಯ ಮೇಲೆ ಈ ಕೆಲಸ ನೆಟ್ಟಗೆ ಆಗುವುದಿಲ್ಲ. ಮೂರು ಬಣ್ಣದ ಪೆನ್ನು ಸಾಕು. ಕಣ್ಣಿಗೆ ಕಾಣುವ, ಕೈಗೆ ಸಿಗುವ ವಸ್ತು, ಜಾಗ, ಹೆಸರುಗಳಿಗೆ ಕೆಂಪು ಗೆರೆ. ಸಾಲಿನ ಒಳಗೇ ಬರುವ ಪ್ರಾಸಕ್ಕೆ, ಎರಡು ಮೂರು ಅಕ್ಷರ ಒಟ್ಟಿಗೆ ಹೊಂದುವ ಪ್ರಾಸಕ್ಕೆ ನೀಲಿ. ನಿಮ್ಮ ಹೆಸರು ಮುಚ್ಚಿಟ್ಟರೂ ‘ಇದು ಇವರದ್ದೇ’ ಎಂದು ಗೊತ್ತಾಗುವ ಸಾಲಿಗೆ ಹಸಿರು. ಆಮೇಲೆ 16 ಬಾರ್‌ಗೆ (ಬಾರ್ ಎಂದರೆ ನಾಲ್ಕು ಬೀಟ್‌ನ ಒಂದು ಸುತ್ತು, ಸುಮಾರು ಒಂದು ಸಾಲು) ಸರಾಸರಿ ಎಷ್ಟು ಕೆಂಪು, ಎಷ್ಟು ನೀಲಿ, ಎಷ್ಟು ಹಸಿರು ಎಂದು ಬರೆದಿಡಿ.

ಈ ಮೂರು ಸಂಖ್ಯೆಗಳೇ ನಿಮ್ಮ ಮೊನಚಿನ ಲೆಕ್ಕ. ಒಬ್ಬೊಬ್ಬರದು ಒಂದೊಂದು ಥರ. ಒಬ್ಬರಿಗೆ ನೀಲಿಯೇ ಬಲ: ಪ್ರಾಸ ಹೆಣೆಯುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಇನ್ನೊಬ್ಬರದು ಸರಳ ಪ್ರಾಸ, ಆದರೆ ವಿವರ ಮೈ ಜುಮ್ ಎನ್ನಿಸುತ್ತದೆ. ಪಾಪ್ ಹಾಡಿಗೆ ಏನಾದರೂ ಬಿಟ್ಟುಕೊಡಲೇಬೇಕಾಗುತ್ತದೆ. ಯಾವುದನ್ನು ಬಿಡಬಹುದು, ಯಾವುದನ್ನು ಮುಟ್ಟಬಾರದು ಎಂಬುದು ಈ ಎಣಿಕೆಯಿಂದ ತಿಳಿಯುತ್ತದೆ. ಹೊಸ ಹಾಡಿನ ಕರಡನ್ನೂ ಹೀಗೇ ಎಣಿಸಿ. ನಿಮ್ಮ ಬಲದ ಬಣ್ಣ ಅರ್ಧಕ್ಕಿಂತ ಕೆಳಗೆ ಇಳಿದಿದ್ದರೆ ಸ್ಟುಡಿಯೋ ಬುಕ್ ಮಾಡಬೇಡಿ, ಮತ್ತೆ ಬರೆಯಿರಿ.

ಸಾಲನ್ನು ಹಗುರ ಮಾಡಿ, ತೆಳು ಮಾಡಬೇಡಿ

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಕೂರಬೇಕಾದದ್ದು ಇಲ್ಲಿ. ಒಂದು ಉದಾಹರಣೆ ನೋಡೋಣ. ಪಾಪ್‌ಗೆ ಹೊರಟವರ ಕರಡಿನಲ್ಲಿ ಸಾಮಾನ್ಯವಾಗಿ ಸಿಗುವ ಜೋಡಿಸಾಲು ಹೀಗಿರುತ್ತದೆ:

ಕಷ್ಟಪಟ್ಟು ಮೇಲೆ ಬಂದೆ, ನೋಡು ನನ್ನ ಆಟ
ಯಾರೂ ಇಲ್ಲ ಎದುರಿಗೆ, ನಿಲ್ಲದು ಈ ಓಟ

ಇದರಲ್ಲಿ ತಪ್ಪೇನೂ ಇಲ್ಲ, ಅದೇ ಇದರ ತೊಂದರೆ. ಒಂದೂ ಕೆಂಪು ಗೆರೆ ಬೀಳುವುದಿಲ್ಲ. ಅದೇ ಕಷ್ಟವನ್ನು ಸೈಫರಿನಲ್ಲಿ ಹೇಳುವಂತೆ ಹೇಳಿದರೆ:

ಮೀಟರ್ ಕಿತ್ತರು, ಮೊಬೈಲ್ ಬೆಳಕಲಿ ಬರೆದೆ ಪದ
ಬಾಡಿಗೆ ಕೇಳೋ ಗೆಣ್ಣಿಗೆ ಗೊತ್ತು ನಮ್ಮನೆ ಕದ

ಅರ್ಧಾಕ್ಷರ ಬಿಟ್ಟು ಎಣಿಸಿದರೆ ಮೊದಲ ಸಾಲಿನಲ್ಲಿ 16 ಅಕ್ಷರ, ಎರಡನೆಯದರಲ್ಲಿ 15. ಒಂದು ಬಾರ್‌ನಲ್ಲಿ ನಾಲ್ಕು ಬೀಟ್, ಬೀಟ್‌ಗೆ ನಾಲ್ಕರಂತೆ 16 ಕಾಲುಬೀಟ್‌ಗಳು. ಅಂದರೆ ಸಾಲು ಗಂಟಲವರೆಗೆ ತುಂಬಿದೆ, ಉಸಿರಿಗೆ ಜಾಗವಿಲ್ಲ. ಮೊದಲ ಸಲ ಕೇಳುವವರಿಗೆ ಅರ್ಧ ತಪ್ಪಿಹೋಗುತ್ತದೆ. ಪ್ರೊಡ್ಯೂಸರ್ (ಬೀಟ್ ಕಟ್ಟಿ ಹಾಡು ರೂಪಿಸುವವರು) ‘ಸ್ವಲ್ಪ ಸಿಂಪಲ್ ಮಾಡಿ’ ಎನ್ನುವುದು ಇದಕ್ಕೇ, ಅವರ ಮಾತಿನಲ್ಲಿ ನ್ಯಾಯವಿದೆ. ಆಗ ರ‍್ಯಾಪರ್ ಮಾಡುವ ತಪ್ಪೆಂದರೆ ಅಕ್ಷರ ತೆಗೆಯುವ ಬದಲು ವಸ್ತು ತೆಗೆಯುವುದು: ಮೀಟರ್ ಹೋಗುತ್ತದೆ, ಬಾಡಿಗೆ ಹೋಗುತ್ತದೆ, ‘ಕಷ್ಟ’ ಎಂಬ ಪದ ಬಂದು ಕೂರುತ್ತದೆ. ಸರಿಯಾದ ದಾರಿ ಇದರ ತಿರುಗುಮುರುಗು. ವಸ್ತು ಇರಲಿ, ಕ್ರಿಯಾಪದ ಮತ್ತು ಪ್ರತ್ಯಯ ಕಳಚಿ:

ಮೀಟರ್ ಇಲ್ಲ, ಮೊಬೈಲ್ ಬೆಳಕು
ಬಾಡಿಗೆ ಬಂತು, ಬಾಗಿಲು ಹಾಕು

ಈಗ 9 ಮತ್ತು 10 ಅಕ್ಷರ. ನಾಲ್ಕೂ ತುಂಡು ಬಾಯಲ್ಲಿ ಕೂರುತ್ತವೆ, ಸಭೆಯೇ ಒಟ್ಟಿಗೆ ಕೂಗಬಹುದು. ಮೀಟರ್, ಮೊಬೈಲ್, ಬಾಡಿಗೆ, ಬಾಗಿಲು ಎಲ್ಲವೂ ಉಳಿದಿವೆ. ಹುಕ್‌ಗೆ ಈ ಸಾಲು, ವರ್ಸ್‌ಗೆ ಆ ತುಂಬು ಸಾಲು ಇಟ್ಟರೆ ಹುಕ್ ಮತ್ತು ವರ್ಸ್ ಒಂದೇ ಮನೆಯ ಮಾತಾಗುತ್ತವೆ.

ಹುಕ್‌ಗೆ ಇದೇ ಕ್ರಮ ಪಾಲಿಸಿ: ಮೊದಲು ವರ್ಸ್, ಆಮೇಲೆ ಅದರ ಹೊಟ್ಟೆಯಿಂದ ಹುಕ್. ಹುಕ್ ಮೊದಲೇ ಬೇರೆಯವರಿಂದ ಬಂದು ‘ಇದಕ್ಕೆ ಎರಡು ವರ್ಸ್ ತುಂಬಿಕೊಡಿ’ ಎಂದಾಗ ವರ್ಸ್ ಆ ಹುಕ್‌ನ ವಿವರಣೆಯಾಗಿಬಿಡುತ್ತದೆ. ಹಾಗೆ ಬಂದ ಹುಕ್ ಒಪ್ಪಲೇಬೇಕಾದರೆ ಅದರ ಮಾತಿಗೆ ಎದುರು ನಿಲ್ಲುವ ವರ್ಸ್ ಬರೆಯಿರಿ. ಹುಕ್ ಗೆಲುವಿನ ಕುಣಿತವಾದರೆ, ಆ ಗೆಲುವಿಗೆ ಯಾರು ಏನು ತೆತ್ತರು ಎಂದು ವರ್ಸ್ ಹೇಳಲಿ.

ಹುಕ್‌ನ ರಾಗ ನಿಮ್ಮ ಮಾತಿನ ದನಿಯ ಹತ್ತಿರವೇ ಇರಬೇಕು. ಸಾಲನ್ನು ಬೀಟ್ ಇಲ್ಲದೆ, ಸಿಟ್ಟಿನಲ್ಲಿ ಒಮ್ಮೆ, ಸುಮ್ಮನೆ ಒಮ್ಮೆ ಮಾತಾಡಿ ರೆಕಾರ್ಡ್ ಮಾಡಿ. ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಎಂದು ಕೀಬೋರ್ಡಿನಲ್ಲಿ ಹುಡುಕಿ. ಐದಾರು ಸ್ವರಗಳೊಳಗೆ ರಾಗ ಸಿಗುತ್ತದೆ. ಆ ರಾಗ ನಿಮ್ಮದೇ ಆಗಿರುತ್ತದೆ. ಹಾಡುಗಾರರಿಗೆ ಕೊಡುವುದಾದರೂ ಈ ರೆಕಾರ್ಡಿಂಗ್ ಕೊಟ್ಟು ಕಲಿಸಿ.

ವೇಗ ಮತ್ತು ಹಾಡಿನ ಕಟ್ಟು

90 ಬಿಪಿಎಂನಲ್ಲಿ (ನಿಮಿಷಕ್ಕೆ 90 ಬೀಟ್) ಒಂದು ಬಾರ್ ಸುಮಾರು 2.67 ಸೆಕೆಂಡ್. ತುಂಬು 16 ಅಕ್ಷರ ಹಾಕಿದರೆ ಸೆಕೆಂಡಿಗೆ 6 ಅಕ್ಷರ. ಪಾಪ್ ಪ್ರೊಡ್ಯೂಸರ್ ಕುಣಿತಕ್ಕೆಂದು 120 ಬಿಪಿಎಂ ಬೀಟ್ ಕೊಟ್ಟರೆ ಬಾರ್ 2 ಸೆಕೆಂಡಿಗೆ ಇಳಿಯುತ್ತದೆ. ಅದೇ 16 ಅಕ್ಷರ ತುರುಕಿದರೆ ಸೆಕೆಂಡಿಗೆ 8. ವ್ಯಂಜನಗಳು ಒಂದರ ಮೇಲೊಂದು ಬೀಳುತ್ತವೆ, ಪಂಚ್‌ಲೈನ್‌ಗೆ ಮುಂಚಿನ ತಡೆ ಮಾಯವಾಗುತ್ತದೆ. ಗಾಬರಿಯಾಗಿ 8 ಅಕ್ಷರಕ್ಕೆ ಇಳಿಸಿದರೆ ಮಕ್ಕಳ ಪದ್ಯದಂತೆ ಕೇಳುತ್ತದೆ. 120ಕ್ಕೆ ಬಾರ್‌ಗೆ 10ರಿಂದ 12 ಅಕ್ಷರ ಇಡಿ, ಆಗ ನಾಲಿಗೆಯ ವೇಗ ಸೆಕೆಂಡಿಗೆ 5ರಿಂದ 6, ಅಂದರೆ ಹಳೆಯ ಹಾಡಿನ ಆಸುಪಾಸಿನಲ್ಲೇ ಇರುತ್ತದೆ. ಇನ್ನೊಂದು ಉಪಾಯ: ವರ್ಸ್ ಬಂದಾಗ ಡ್ರಮ್ಸನ್ನು ಹಾಫ್-ಟೈಮ್‌ಗೆ ಇಳಿಸಲು ಹೇಳಿ, ಹುಕ್‌ಗೆ ಮತ್ತೆ ಪೂರ್ತಿ ವೇಗ.

ಸ್ಪಾಟಿಫೈಯಲ್ಲಿ ಹಾಡು 30 ಸೆಕೆಂಡ್ ಓಡಿದ ಮೇಲೆಯೇ ಅದು ಒಂದು ಸ್ಟ್ರೀಮ್ ಎಂದು ಎಣಿಕೆಯಾಗುತ್ತದೆ. ಹುಕ್ ಮೊದಲು ಬರಲಿ ಎಂಬ ಒತ್ತಾಯಕ್ಕೆ ಇದೂ ಒಂದು ಕಾರಣ. 100 ಬಿಪಿಎಂನಲ್ಲಿ ಬಾರ್ 2.4 ಸೆಕೆಂಡ್. ನಾಲ್ಕು ಬಾರ್ ಇಂಟ್ರೋ, ಎಂಟು ಬಾರ್ ಹುಕ್ ಸೇರಿ 28.8 ಸೆಕೆಂಡ್. ಅಂದರೆ ಆ ಅರ್ಧ ನಿಮಿಷದಲ್ಲಿ ಕೇಳುಗರಿಗೆ ನಿಮ್ಮ ರ‍್ಯಾಪ್ ಬಹುತೇಕ ಸಿಗುವುದೇ ಇಲ್ಲ. ಇಂಟ್ರೋ ತೆಗೆದುಹಾಕಿ, ಆ ನಾಲ್ಕು ಬಾರ್‌ನಲ್ಲಿ ವರ್ಸಿನ ಅತಿ ಹರಿತವಾದ ಸಾಲುಗಳನ್ನು ಬರೀ ಕಿಕ್ ಡ್ರಮ್ ಮೇಲೆ ಹೇಳಿ ಹುಕ್‌ಗೆ ಇಳಿಯಿರಿ. ಲೆಕ್ಕ ಅದೇ 28.8 ಸೆಕೆಂಡ್. ಆಮೇಲೆ 12 ಬಾರ್ ವರ್ಸ್, 8 ಹುಕ್, 16 ಬಾರ್ ವರ್ಸ್, ಕೊನೆಗೆ 8 ಹುಕ್. ಒಟ್ಟು 56 ಬಾರ್, ಹತ್ತಿರ ಹತ್ತಿರ 2 ನಿಮಿಷ 14 ಸೆಕೆಂಡ್. ಯಾವ ಲೇಬಲ್ಲೂ (ಹಾಡು ಹೊರತರುವ ಕಂಪನಿ) ಇದನ್ನು ಉದ್ದ ಎನ್ನಲಾರದು.

ಎರಡನೆಯ ವರ್ಸ್ ಉದ್ದವಾಗಿರುವುದನ್ನು ಗಮನಿಸಿ. ಪಾಪ್ ಮಾಡುವವರು ಮೊದಲು ಕತ್ತರಿಸುವುದೇ ಅದನ್ನು: 16 ಹೋಗಿ 8 ಆಗುತ್ತದೆ, ಆ 8ರಲ್ಲಿ ಮೊದಲ ವರ್ಸಿನ ಮಾತೇ ಮತ್ತೆ ಬರುತ್ತದೆ. ಅಲ್ಲಿಯವರೆಗೆ ಕೇಳಿದವರು ನಿಮ್ಮನ್ನು ಕೇಳಲೆಂದೇ ಇದ್ದವರು. ಅವರ ಕೈ ಬಿಡಬೇಡಿ.

ರೆಕಾರ್ಡಿಂಗ್ ಮತ್ತು ಮಿಕ್ಸ್

ಒಳ್ಳೆಯ ಸಾಲು ಬರೆದೂ ಸ್ಟುಡಿಯೋದಲ್ಲಿ ಕಳೆದುಕೊಳ್ಳುವವರಿದ್ದಾರೆ. ಮೊದಲ ಕಾರಣ, ಪದ ಪದವಾಗಿ ಕತ್ತರಿಸಿ ಅಂಟಿಸುವ ಅಭ್ಯಾಸ. ಕನಿಷ್ಠ ನಾಲ್ಕು ಬಾರ್ ಒಂದೇ ಉಸಿರಿನ ಹರಿವಿನಲ್ಲಿ ಹೇಳಿದ ಟೇಕ್‌ಗಳನ್ನಷ್ಟೇ ಜೋಡಿಸಿ. ಉಸಿರಿನ ಸದ್ದು ಅಳಿಸಬೇಡಿ, ಜೋರಾಗಿದ್ದರೆ 6 ಡೆಸಿಬೆಲ್ ತಗ್ಗಿಸಿ. ಉಸಿರೇ ಇಲ್ಲದ ವರ್ಸಿನಲ್ಲಿ ಮೊದಲ ಸಲ ಕೇಳುವವರಿಗೂ ಏನೋ ಸುಳ್ಳು ತಟ್ಟುತ್ತದೆ.

ಎರಡನೆಯದು ಗ್ರಿಡ್, ಅಂದರೆ ಎಡಿಟಿಂಗ್ ಪರದೆಯ ಮೇಲಿನ ಬೀಟ್ ಗೆರೆಗಳು. ಬೀಟ್‌ಗಿಂತ 10ರಿಂದ 30 ಮಿಲಿಸೆಕೆಂಡ್ ಹಿಂದೆ ಕೂತು ಹೇಳುವುದು ಹಲವರ ಗುರುತು. ಎಡಿಟರ್ ಅದನ್ನು ‘ತಪ್ಪು’ ಎಂದು ಸರಿಪಡಿಸಿ ಪ್ರತಿ ಅಕ್ಷರವನ್ನೂ ಗೆರೆಗೆ ತಂದು ಕೂರಿಸುತ್ತಾರೆ, ಆ ಗುರುತು ಅಲ್ಲಿಗೆ ಮುಗಿಯಿತು. ಡ್ರಮ್ಸಿಗೂ ಇದೇ ಮಾತು. ಬೀಟ್ ಕಟ್ಟುವ ಎಂಪಿಸಿ ಯಂತ್ರದ ಅಳತೆಯಲ್ಲಿ ಸ್ವಿಂಗ್ (ನಡುವಿನ ಪೆಟ್ಟನ್ನು ತಡಮಾಡುವ ಪ್ರಮಾಣ) 50 ಶೇಕಡ ಎಂದರೆ ನೇರ, 66 ಎಂದರೆ ಟ್ರಿಪ್ಲೆಟ್, ಅಂದರೆ ಮೂರರ ಲಯ. ನಿಮ್ಮ ಹಳೆಯ ಬೀಟ್‌ಗಳು 54ರಿಂದ 58ರ ನಡುವೆ ಇದ್ದರೆ ಹೊಸ ಪ್ರೊಡ್ಯೂಸರಿಗೆ ಆ ಸಂಖ್ಯೆಯನ್ನೇ ಹೇಳಿ. ‘ಹಳೆಯ ಫೀಲ್ ಬೇಕು’ ಎಂದರೆ ವಿನೈಲ್ ಚರಚರ ಸದ್ದು ಸೇರಿಸಿ ಕೊಡುತ್ತಾರೆ ಅಷ್ಟೇ.

ಪಿಚ್ ತಿದ್ದುವುದು ಹುಕ್‌ಗೆ ಮಾತ್ರ ಇರಲಿ. ಆಟೋಟ್ಯೂನಿನ ರಿಟ್ಯೂನ್ ಸ್ಪೀಡ್ (ಸ್ವರ ತಿದ್ದಲು ಹಿಡಿಯುವ ಹೊತ್ತು) 0 ಆದರೆ ಯಂತ್ರದ ದನಿ, 20ರಿಂದ 50ರ ನಡುವೆ ಸಹಜ. ಎರಡರಲ್ಲಿ ಒಂದನ್ನು ಬೇಕೆಂದೇ ಆರಿಸಿ, ನಡುವೆ ತೂಗಾಡಬೇಡಿ. ವರ್ಸ್ ಟ್ರ್ಯಾಕಿಗೆ ಅದೇ ಪ್ಲಗಿನ್ ಕಾಪಿ ಆಗಿದೆಯೇ ಎಂದು ಕಣ್ಣಾರೆ ನೋಡಿ. ಮಾತಿನಲ್ಲಿ ಸಹಜವಾಗಿ ಜಾರುವ ಸ್ವರವನ್ನು ಅದು ಮೆಟ್ಟಿಲು ಮಾಡಿಬಿಡುತ್ತದೆ, ಸಿಟ್ಟು ಮತ್ತು ವ್ಯಂಗ್ಯ ಎರಡೂ ಸತ್ತುಹೋಗುತ್ತವೆ. ಡಬಲ್ಸ್ (ಅದೇ ಮಾತನ್ನು ಇನ್ನೊಮ್ಮೆ ಹೇಳಿ ಮೇಲೆ ಕೂರಿಸುವುದು) ಇಡೀ ವರ್ಸಿಗೆ ಬೇಡ, ಪ್ರಾಸಪದ ಮತ್ತು ಪಂಚ್‌ಗೆ ಸಾಕು. ಜೋರು ದನಿಯನ್ನು ತಗ್ಗಿಸುವ ಕಂಪ್ರೆಸರ್ ಒಂದೇ ಏಟಿಗೆ 10 ಡೆಸಿಬೆಲ್ ಅದುಮುವ ಬದಲು ಎರಡು ಹಂತದಲ್ಲಿ ತಲಾ 3ರಿಂದ 4 ಡೆಸಿಬೆಲ್ ಅದುಮಲಿ. ಸಕಾರದ ಸೀಟಿ ತಗ್ಗಿಸುವ ಡಿ-ಎಸ್ಸರ್ 5ರಿಂದ 8 ಕಿಲೋಹರ್ಟ್ಸ್ ನಡುವೆ ಹಗುರಾಗಿ ಇರಲಿ, ಹೆಚ್ಚಾದರೆ ‘ಸ’, ‘ಶ’ ತೊದಲುತ್ತವೆ.

ಮಾಸ್ಟರಿಂಗಿನಲ್ಲಿ (ಮಿಕ್ಸ್ ಆದ ಹಾಡಿಗೆ ಕೊಡುವ ಕೊನೆಯ ಹದದಲ್ಲಿ) ಜೋರಿನ ಪೈಪೋಟಿಗೆ ಬೀಳಬೇಡಿ. ಸ್ಪಾಟಿಫೈ ಸಾಮಾನ್ಯ ಸೆಟ್ಟಿಂಗಿನಲ್ಲಿ ಎಲ್ಲ ಹಾಡನ್ನೂ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರಿನ ಅಳತೆ) ಮಟ್ಟಕ್ಕೆ ತರುತ್ತದೆ. ನೀವು ಮೈನಸ್ 6ರವರೆಗೆ ಹಿಂಡಿ ಕೊಟ್ಟರೆ ಅದು ದನಿ ತಗ್ಗಿಸುತ್ತದೆ. ಹಿಂಡಿದಾಗ ಹೋದ ಸ್ನೇರ್ ಡ್ರಮ್ಮಿನ ಪೆಟ್ಟು ಮಾತ್ರ ವಾಪಸ್ ಬರುವುದಿಲ್ಲ.

ರೇಡಿಯೋಗೆ ಬೈಗುಳವಿಲ್ಲದ ಆವೃತ್ತಿ ಕೇಳಿದರೆ ಪದಗಳನ್ನು ಮ್ಯೂಟ್ ಮಾಡಿಸಬೇಡಿ. ಪ್ರಾಸದ ಜಾಗದಲ್ಲೇ ತೂತು ಬೀಳುತ್ತದೆ. ಆ ಸಾಲನ್ನು ಹೊಸದಾಗಿ ಬರೆದು ಅದೇ ದಿನ, ಅದೇ ಮೈಕಿನಲ್ಲಿ ಹೇಳಿಬಿಡಿ.

ಸ್ಯಾಂಪಲ್ ತೊಡಕು

ಸ್ಯಾಂಪಲ್ (ಬೇರೆ ರೆಕಾರ್ಡಿಂಗಿನಿಂದ ತೆಗೆದ ತುಣುಕು) ಬಳಸಿದರೆ ಎರಡು ಹಕ್ಕುಗಳಿಗೆ ಅನುಮತಿ ಬೇಕು: ರೆಕಾರ್ಡಿಂಗಿನದು ಒಂದು, ಸಂಗೀತ ರಚನೆಯದು ಇನ್ನೊಂದು. ಅಮೆರಿಕದ ಡಿ ಲಾ ಸೋಲ್ ಹಿಪ್-ಹಾಪ್ ತಂಡದ ಮೊದಲ ಆಲ್ಬಂಗಳು ಮುಖ್ಯವಾಗಿ ಈ ತೊಡಕಿನಿಂದಲೇ ವರ್ಷಗಟ್ಟಲೆ ಸ್ಟ್ರೀಮಿಂಗಿಗೆ ಬರಲಿಲ್ಲ, 2023ರ ಮಾರ್ಚ್‌ನಲ್ಲಿ ಬಂದವು. ದೊಡ್ಡ ಲೇಬಲ್ಲಿನ ವಕೀಲರು ಅಪಾಯ ಬೇಡವೆಂದು ಆ ತುಣುಕಿನ ಲೂಪ್ ಕಿತ್ತುಹಾಕಿಸಿ ಅಲ್ಲಿ ಸಿಂಥ್ ಪ್ಯಾಡ್ (ಸಿಂಥಸೈಸರಿನ ಎಳೆದ ಹಿನ್ನೆಲೆ ಸ್ವರ) ಹಾಕಿಸುತ್ತಾರೆ. ನಿಮ್ಮ ಸೌಂಡ್ ಅರ್ಧ ಹೋಗುವುದು ಹೀಗೆ, ಯಾರೂ ಅದನ್ನು ನಿರ್ಧರಿಸದೆಯೇ. ಆದ್ದರಿಂದ ಲೂಪನ್ನು ವಾದ್ಯಗಾರರಿಂದ ಮೊದಲೇ ಹೊಸದಾಗಿ ನುಡಿಸಿ ಇಟ್ಟುಕೊಳ್ಳಿ. ಆಗ ರಚನೆಯ ಅನುಮತಿಯೊಂದೇ ಸಾಕು. ನುಡಿಸಿದ್ದನ್ನು ಟೇಪಿಗೋ ಹಳೆಯ ಸ್ಯಾಂಪ್ಲರಿಗೋ ಹಾಯಿಸಿ, ಕೊಯ್ದು, ಪಿಚ್ ಇಳಿಸಿ ಬಳಸಿದರೆ ಒರಟುತನವೂ ಉಳಿಯುತ್ತದೆ.

ಒಪ್ಪಂದದಲ್ಲಿ ನೋಡಬೇಕಾದ ಸಾಲುಗಳು

ಮೊನಚು ಹೋಗುವುದು ಎಷ್ಟೋ ಸಲ ಕಾಗದದ ಮೇಲೆ. ಅಡ್ವಾನ್ಸ್ ಎಂದರೆ ನಿಮ್ಮ ರಾಯಲ್ಟಿಯಿಂದಲೇ ಮುರಿದುಕೊಳ್ಳುವ ಹಣ. 100 ಪಾಲು ಅಡ್ವಾನ್ಸ್, ರಾಯಲ್ಟಿ ಶೇಕಡ 20 ಎಂದಿಟ್ಟುಕೊಳ್ಳಿ. ಹಾಡುಗಳು 300 ಪಾಲು ದುಡಿದರೂ ನಿಮ್ಮ ಲೆಕ್ಕಕ್ಕೆ ಬರುವುದು 60, ಇನ್ನೂ 40 ಬಾಕಿ. ಲೇಬಲ್ ಆಗಲೇ ಲಾಭದಲ್ಲಿರಬಹುದು, ನೀವು ಮಾತ್ರ ಸಾಲಗಾರರು. ಮುಂದಿನ ಆಲ್ಬಂಗೆ ‘ಒಂದು ಹಿಟ್ ಕೊಡಿ’ ಎಂಬ ಒತ್ತಡ ಹುಟ್ಟುವುದು ಈ ಬಾಕಿಯಿಂದ. ಹಾಗಾಗಿ ಅಡ್ವಾನ್ಸ್ ಚಿಕ್ಕದಿರಲಿ, ಶೇಕಡವಾರು ದೊಡ್ಡದಿರಲಿ.

ಇನ್ನೊಂದು ಸಾಲು ಹುಡುಕಿ: ಹಾಡು ‘ವಾಣಿಜ್ಯಿಕವಾಗಿ ತೃಪ್ತಿಕರ’ವಾಗಿರಬೇಕು ಎಂದಿದೆಯೋ, ‘ತಾಂತ್ರಿಕವಾಗಿ ತೃಪ್ತಿಕರ’ ಎಂದಿದೆಯೋ? ಮೊದಲನೆಯದಕ್ಕೆ ಸಹಿ ಹಾಕಿದರೆ ಮುಗಿದ ಆಲ್ಬಂ ಅನ್ನು ಲೇಬಲ್ ‘ಓಡುವುದಿಲ್ಲ’ ಎಂದು ಹಿಂದಕ್ಕೆ ತಳ್ಳಬಹುದು. ಎರಡನೆಯದನ್ನೇ ಹಾಕಿಸಿ. ಅಮೆರಿಕದ ರ‍್ಯಾಪರ್ ಲೂಪೆ ಫಿಯಾಸ್ಕೋ ಅವರ ‘ಲೇಸರ್ಸ್’ ಆಲ್ಬಂ ಲೇಬಲ್ ಜತೆಗಿನ ಜಗ್ಗಾಟದಲ್ಲಿ ತಡವಾಯಿತು, 2010ರ ಅಕ್ಟೋಬರ್‌ನಲ್ಲಿ ಅಭಿಮಾನಿಗಳು ನ್ಯೂಯಾರ್ಕಿನ ಅಟ್ಲಾಂಟಿಕ್ ರೆಕಾರ್ಡ್ಸ್ ಕಚೇರಿಯೆದುರು ಸೇರಿದರು. 2011ರ ಮಾರ್ಚ್‌ನಲ್ಲಿ ಹೊರಬಂದು ಬಿಲ್‌ಬೋರ್ಡ್ 200 ಪಟ್ಟಿಯ ಮೊದಲ ಸ್ಥಾನಕ್ಕೇ ಏರಿತು. ಅಷ್ಟಾದರೂ ಆ ಆಲ್ಬಂ ಬಗ್ಗೆ ಕಲಾವಿದರೇ ಬಹಿರಂಗವಾಗಿ ಅಸಮಾಧಾನ ಹೇಳಿಕೊಂಡರು.

ಪಕ್ಕದ ಕೆಲಸಕ್ಕೆ ಬಿಡುವು ಕೊಡುವ ಷರತ್ತು ಕೇಳಿ: ವರ್ಷಕ್ಕೊಂದು ಮಿಕ್ಸ್‌ಟೇಪ್ (ಆಲ್ಬಂನಷ್ಟು ಔಪಚಾರಿಕವಲ್ಲದ ಹಾಡುಗಳ ಕಟ್ಟು), ಬೇರೆಯವರ ಹಾಡಿಗೆ ವರ್ಸ್, ತಂಡದ ಹೆಸರಲ್ಲಿ ಬಿಡುಗಡೆ. 1990ರ ದಶಕದ ಆರಂಭದಲ್ಲಿ ರ‍್ಯಾಪ್ ತಂಡ ವೂ-ಟ್ಯಾಂಗ್ ಕ್ಲಾನ್, ಲೌಡ್ ರೆಕಾರ್ಡ್ಸ್ ಜತೆ ಮಾಡಿಕೊಂಡ ಒಪ್ಪಂದದಲ್ಲಿ ಸದಸ್ಯರು ಒಂಟಿ ಆಲ್ಬಂಗಳಿಗೆ ಬೇರೆ ಲೇಬಲ್ ಹುಡುಕಿಕೊಳ್ಳಬಹುದಿತ್ತು. ಮೆಥಡ್ ಮ್ಯಾನ್ ಡೆಫ್ ಜ್ಯಾಮ್‌ಗೆ, ಜಿಝಾ ಗೆಫೆನ್‌ಗೆ ಹೋದರು. ಒಂದು ಕಂಪನಿಯ ರುಚಿಗೆ ಇಡೀ ತಂಡ ಕಟ್ಟುಬೀಳಲಿಲ್ಲ.

ಹಲವರು ಕೂತು ಬರೆಯುವ ಸೆಷನ್‌ಗೆ ಹೋದರೆ ಹುಕ್‌ನ ಪೆನ್ನು ಹಂಚಿಕೊಳ್ಳಿ, ವರ್ಸಿನದು ಬೇಡ. ಯಾರಿಗೆ ಎಷ್ಟು ಶೇಕಡ ಎಂಬ ಹಾಳೆಗೆ ಅವತ್ತೇ, ಎಲ್ಲರೂ ಇರುವಾಗಲೇ ಸಹಿ ಆಗಲಿ.

ಬಿಡುಗಡೆಗೆ ಮುನ್ನ ಮತ್ತು ನಂತರ

ಐವರಿಗೆ ಕೇಳಿಸಿ: ನಿಮಗೆ ಹೆದರದ ಇಬ್ಬರು ರ‍್ಯಾಪರ್‌ಗಳು, ಹಳೆಯ ಪ್ರೊಡ್ಯೂಸರ್ ಒಬ್ಬರು, ರ‍್ಯಾಪ್ ಕೇಳದ ಇಬ್ಬರು. ‘ಹೇಗಿದೆ’ ಎಂದು ಕೇಳಬೇಡಿ, ಎಲ್ಲರೂ ‘ಚೆನ್ನಾಗಿದೆ’ ಎನ್ನುತ್ತಾರೆ. ಒಂದೇ ಸಲ ಕೇಳಿಸಿ, ಮಾರನೆಯ ದಿನ ‘ಯಾವ ಸಾಲು ನೆನಪಿದೆ’ ಎಂದು ಕೇಳಿ. ರ‍್ಯಾಪರ್‌ಗಳಿಗೆ ವರ್ಸಿನದು ಒಂದೂ ನೆನಪಿಲ್ಲದಿದ್ದರೆ ವರ್ಸ್ ತೆಳುವಾಗಿದೆ. ಉಳಿದ ಇಬ್ಬರಿಗೆ ಹುಕ್ ನೆನಪಿಲ್ಲದಿದ್ದರೆ ಪಾಪ್‌ಗೆ ಹೊರಟದ್ದೇ ದಂಡ, ಹುಕ್ ಬದಲಿಸಿ.

ಸಿಂಗಲ್ ಬಿಟ್ಟ ನಾಲ್ಕರಿಂದ ಆರು ವಾರದೊಳಗೆ ಹುಕ್ಕೇ ಇಲ್ಲದ, ಎರಡೂವರೆ ನಿಮಿಷದ ಒರಟು ಟ್ರ್ಯಾಕೊಂದು ಬರಲಿ. ಸಿಂಗಲ್‌ಗಿಂತ ಮುಂಚೆಯೇ ಅದನ್ನು ರೆಕಾರ್ಡ್ ಮಾಡಿಡಬೇಕು. ಹಾಡು ಓಡಿದರೆ ಆಮೇಲೆ ಪುರುಸೊತ್ತು ಸಿಗುವುದಿಲ್ಲ, ಓಡದಿದ್ದರೆ ಮನಸ್ಸು ಇರುವುದಿಲ್ಲ. ಹಳೆಯ ಕೇಳುಗರಿಗೆಂದೇ ಏನಾದರೂ ಬೇರೆ ಇಡುವುದೂ ಒಳ್ಳೆಯದು. ಅಮೆರಿಕದ ರ‍್ಯಾಪರ್ ನಿಪ್ಸಿ ಹಸಲ್ 2013ರಲ್ಲಿ ‘ಕ್ರೆನ್‌ಶಾ’ ಮಿಕ್ಸ್‌ಟೇಪನ್ನು ಆನ್‌ಲೈನಿನಲ್ಲಿ ಉಚಿತವಾಗಿ ಬಿಟ್ಟು, ಜತೆಗೆ ಅದರ 1000 ಪ್ರತಿಗಳನ್ನು ತಲಾ 100 ಡಾಲರ್‌ಗೆ ಮಾರಿದರು. ಹತ್ತಿರದ ಕೇಳುಗರು ಸಾವಿರವೇ ಇದ್ದರೂ ಅವರನ್ನು ನಂಬಿ ಬದುಕಬಹುದು ಎಂಬ ಧೈರ್ಯವಿದ್ದವರಿಗೆ ಲೇಬಲ್ ಮುಂದೆ ‘ಬೇಡ’ ಎನ್ನುವುದು ಸುಲಭ.

ವೇದಿಕೆಯಲ್ಲಿ ಪೂರ್ತಿ ಧ್ವನಿ ಇರುವ ಟ್ರ್ಯಾಕಿನ ಮೇಲೆ ಹೇಳಬೇಡಿ. ಹುಕ್‌ನ ಹಿನ್ನೆಲೆ ದನಿ ಮತ್ತು ಆಡ್‌ಲಿಬ್ (ನಡುನಡುವೆ ಹಾಕುವ ಕೂಗು, ಮಾತು) ಮಾತ್ರ ಇರುವ ಟಿವಿ ಟ್ರ್ಯಾಕ್ ಮಾಡಿಸಿ. ಪ್ರತಿ ಕಾರ್ಯಕ್ರಮದಲ್ಲೂ ಒಂದು ವರ್ಸ್ ಬೀಟ್ ಇಲ್ಲದೆ ಹೇಳಿ.

ಆಗಲೇ ಕೆಟ್ಟಿದ್ದರೆ

ಎರಡು ಮೂರು ಹಾಡು ತೆಳುವಾಗಿ ಹೋಗಿದ್ದರೆ ‘ಹಳೆಯ ನಾನು ವಾಪಸ್ ಬಂದೆ’ ಎಂಬ ಹಾಡು ಬರೆಯಬೇಡಿ. ಹಳೆಯ ವಿವರಗಳನ್ನೇ ಮತ್ತೆ ತಿರುವಿ ಹಾಕಿದರೆ ಅದೂ ಪೊಳ್ಳೇ. ಈಗ ನಿಮ್ಮ ಬಾಗಿಲಿಗೆ ಬಾಡಿಗೆ ಕೇಳುವವರು ಬರುತ್ತಿಲ್ಲವಾದರೆ, ಬರುತ್ತಿರುವವರು ಯಾರು ಎಂದು ನೋಡಿ: ಲೆಕ್ಕಪತ್ರದವರು, ಕೈಚಾಚುವ ನೆಂಟರು, ಫೋನ್ ಎತ್ತದ ಹಳೆಯ ಗೆಳೆಯ. ಅವರ ಮಾತು, ಬಟ್ಟೆ, ಅವರು ಕೂರುವ ಕುರ್ಚಿ ಬರೆಯಿರಿ. ಮೊದಲಿನ ಪ್ರೊಡ್ಯೂಸರ್ ಜತೆ ಮೂರು ಟ್ರ್ಯಾಕ್ ಮಾಡಿ. ಹುಕ್ ಬೇಡ, 85ರಿಂದ 95 ಬಿಪಿಎಂ, ತಲಾ 24 ಬಾರ್, ಟ್ರ್ಯಾಕಿಗೊಂದೇ ದಿನ. ಮುಗಿದ ಮೇಲೆ ಮೂರು ಬಣ್ಣದ ಪೆನ್ನು ಹಿಡಿದು ಎಣಿಸಿ. ಸಂಖ್ಯೆ ಹಳೆಯ ಸರಾಸರಿಗೆ ಮುಟ್ಟಿದ್ದರೆ ಮೂರನ್ನೂ ಒಟ್ಟಿಗೆ ಬಿಡಿ, ಮುಟ್ಟದಿದ್ದರೆ ಹಾರ್ಡ್ ಡಿಸ್ಕಿನಲ್ಲೇ ಇರಲಿ, ಇನ್ನೂ ಮೂರು ಮಾಡಿ.